20ಕ್ಕೆ 9: ನಿಮ್ಮ ಮಾರ್ಕ್ಸ್ ನಿಜಕ್ಕೂ ಏನು ಹೇಳುತ್ತೆ?

ಪ್ರೌಢಶಾಲೆಯ ಗಣಿತ ಶಿಕ್ಷಕರೊಬ್ಬರು ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯಲ್ಲಿ ಆಡಿದ ಮಾತುಗಳ ಬರಹ ರೂಪ ಇಲ್ಲಿದೆ.

ನೀವು ಬಸ್ಸಲ್ಲಿ ಕೂತು ಇದನ್ನ ಕೇಳ್ತಿದೀರೋ, ರಾತ್ರಿ ಇಯರ್‌ಫೋನ್ ಹಾಕ್ಕೊಂಡು ಮಲಗಿದೀರೋ ಗೊತ್ತಿಲ್ಲ. ಆದರೆ ಒಂದಂತೂ ಗೊತ್ತು. ನಿಮ್ಮ ತಲೆಯಲ್ಲಿ ಒಂದು ನಂಬರ್ ಕೂತಿದೆ. ಎಸ್ಸೆಸ್ಸೆಲ್ಸಿಯಲ್ಲಿ ಬಂದದ್ದೋ, ಪಿಯುಸಿಯಲ್ಲಿ ಬಂದದ್ದೋ, ಸಿಇಟಿ ರ‍್ಯಾಂಕೋ. ರಿಸಲ್ಟ್ ದಿನ ಮೊಬೈಲಿನಲ್ಲಿ ರಿಜಿಸ್ಟರ್ ನಂಬರ್ ಹಾಕಿ, ಪೇಜ್ ಲೋಡ್ ಆಗದೆ ಹತ್ತು ಸಲ ರಿಫ್ರೆಶ್ ಮಾಡಿ, ಕೊನೆಗೆ ಕಾಣಿಸಿದ ಆ ನಂಬರ್. ಅವತ್ತಿಂದ ಇವತ್ತಿನವರೆಗೂ ನೀವು ನಿಮ್ಮ ಬಗ್ಗೆ ಯೋಚನೆ ಮಾಡುವಾಗಲೆಲ್ಲ ಅದು ಪಕ್ಕದಲ್ಲೇ ಬಂದು ನಿಲ್ಲುತ್ತೆ. "ನಾನು ಮ್ಯಾಥ್ಸಲ್ಲಿ ವೀಕು." "ನನಗೆ ಇಂಗ್ಲಿಷ್ ಬರಲ್ಲ." ಯಾರು ಹೇಳಿದ್ದು ಅಂತ ಕೇಳಿದರೆ, "ಮಾರ್ಕ್ಸೇ ಹೇಳುತ್ತಲ್ಲ ಸರ್" ಅಂತೀರಿ.

ನಾನು ತುಮಕೂರು ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಗಣಿತ ಮೇಷ್ಟ್ರು. ಹನ್ನೆರಡು ವರ್ಷದಿಂದ ಪಾಠ ಮಾಡ್ತಿದೀನಿ. ಈ ಹನ್ನೆರಡು ವರ್ಷದಲ್ಲಿ ಸಾವಿರಾರು ಉತ್ತರ ಪತ್ರಿಕೆಗಳಿಗೆ ಕೆಂಪು ಇಂಕಲ್ಲಿ ನಂಬರ್ ಹಾಕಿದೀನಿ. ಮಾರ್ಕ್ಸು ಏನು ಹೇಳುತ್ತೆ, ಏನು ಹೇಳಲ್ಲ ಅನ್ನೋದನ್ನ ನಾನು ಕಲಿತದ್ದು ಮಾತ್ರ ಬಹಳ ತಡವಾಗಿ. ಕಲಿಸಿದ್ದು ಒಬ್ಬಳು ಹುಡುಗಿ. ಅದಕ್ಕೆ ಬೆಲೆ ಕೊಟ್ಟದ್ದೂ ಅವಳೇ.

ಬಸ್ ಸ್ಟ್ಯಾಂಡಲ್ಲಿ ಸಿಕ್ಕ ಪ್ರಶ್ನೆ

ಆರು ವರ್ಷದ ಹಿಂದಿನ ಮಾತು. ಹತ್ತನೇ ಕ್ಲಾಸಿಗೆ ಸಂಭವನೀಯತೆ ಪಾಠ ಮುಗಿಸಿ 20 ಅಂಕದ ಒಂದು ಟೆಸ್ಟ್ ಕೊಟ್ಟೆ. ಆ ಹುಡುಗಿಗೆ 9 ಬಂತು. ಅದೇ ವಾರ ಪೋಷಕರ ಸಭೆ ಇತ್ತು. ಅವಳ ಅಪ್ಪ ಹೊಲದ ಕೆಲಸ ಬಿಟ್ಟು ಬಂದಿದ್ದರು. ಎಲ್ಲರೂ ಹೋದ ಮೇಲೆ ಬಾಗಿಲ ಹತ್ತಿರ ನಿಂತು, "ಸಾರ್, ಮಗಳು ಪಿಯುಸಿಗೆ ಸೈನ್ಸೇ ತಗೋತೀನಿ ಅಂತಾಳೆ. ತಾಲ್ಲೂಕಿಗೆ ದಿನಾ ಬಸ್ಸಲ್ಲಿ ಕಳಿಸ್ಬೇಕು, ಟ್ಯೂಷನ್ನೂ ಹಾಕ್ಬೇಕು. ನೀವೇನಂತೀರಿ? ನಡೆಯುತ್ತಾ ಇವಳ ಕೈಲಿ?" ಅಂದರು.

ನಾನು ಅಂಕದ ಪುಸ್ತಕ ತೆಗೆದೆ. 20ಕ್ಕೆ 9. ಹಿಂದಿನ ಟೆಸ್ಟುಗಳಲ್ಲಿ ಎಷ್ಟಿತ್ತು ಅಂತ ಪುಟ ತಿರುವಿ ನೋಡಲಿಲ್ಲ. ಕಣ್ಣಿಗೆ ಬಿದ್ದದ್ದು ಹೊಸ ಕಾಲಂ ಒಂದೇ. "ಗಣಿತ ಸ್ವಲ್ಪ ಕಷ್ಟ ಇದೆ ಯಜಮಾನ್ರೇ. ಸೈನ್ಸ್ ತಗೊಂಡು ಒದ್ದಾಡೋದಕ್ಕಿಂತ ಆರ್ಟ್ಸ್ ಆದ್ರೆ ಆರಾಮಾಗಿ ಓದ್ಕೋತಾಳೆ" ಅಂದೆ. ಅವರು ಕೈ ಮುಗಿದು ಹೋದರು. ಮೇಷ್ಟ್ರು ಹೇಳಿದ ಮೇಲೆ ಮುಗೀತು. ಅವಳು ಆರ್ಟ್ಸ್ ಸೇರಿದಳು.

ಮೂರು ವರ್ಷ ಆದ ಮೇಲೆ ಬಸ್ ಸ್ಟ್ಯಾಂಡಲ್ಲಿ ಸಿಕ್ಕಳು. ಬಿ.ಎ. ಓದ್ತಿದ್ದಳು. ಸಂಜೆ ಹೊತ್ತು ಬೀದಿಯ ಮಕ್ಕಳಿಗೆ ಟ್ಯೂಷನ್ ಹೇಳಿಕೊಡ್ತೀನಿ ಅಂದಳು. ಯಾವ ಸಬ್ಜೆಕ್ಟು ಅಂತ ಕೇಳಿದೆ. "ಮ್ಯಾಥ್ಸು ಸರ್" ಅಂದಳು. ನನಗೆ ಒಂದು ಥರ ಆಯ್ತು. ಅವಳೇ ಮಾತು ಮುಂದುವರಿಸಿದಳು: "ಸರ್, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅವತ್ತು ಟೆಸ್ಟಲ್ಲಿ ಫೇಸ್ ಕಾರ್ಡ್ ಅಂತ ಕೊಟ್ಟಿದ್ರಲ್ಲ, ಹಂಗಂದ್ರೆ ಏನು ಸರ್? ನಮ್ಮನೇಲಿ ಇಸ್ಪೀಟ್ ಎಲೆ ಮುಟ್ಟಂಗೇ ಇರಲಿಲ್ಲ. ಆ ಮೂರು ಪ್ರಶ್ನೆ ನಾನು ಖಾಲಿ ಬಿಟ್ಟಿದ್ದೆ."

ಕ್ಲಾಸಲ್ಲೇ ಯಾಕೆ ಕೇಳಲಿಲ್ಲ ಅಂದೆ. "ನೀವು ಪಾಠ ಮಾಡ್ಬೇಕಾದ್ರೆ, ಇಸ್ಪೀಟು ಎಲ್ಲರಿಗೂ ಗೊತ್ತಲ್ವೇನ್ರೋ ಅಂದ್ರಿ. ಹುಡುಗ್ರೆಲ್ಲ ಜೋರಾಗಿ ನಕ್ರು. ಆಮೇಲೆ ನಾವ್ ಹೆಂಗ್ ಸರ್ ಕೇಳೋದು?"

ಬಸ್ ಬಂತು, ಅವಳು ಹತ್ತಿ ಹೋದಳು.

ಸ್ಟಾಫ್ ರೂಮಿನ ಬೀರು

ನಿಜ ಹೇಳಬೇಕಂದ್ರೆ, ನಾನು ಆ ವರ್ಷವೂ ಅದೇ ಹಳೇ ಪ್ರಶ್ನೆಪತ್ರಿಕೆಯನ್ನೇ ಕೊಟ್ಟಿದ್ದೆ. ಹಿಂದೆ ಯಾವಾಗಲೋ ಒಂದು ಗೈಡ್ ನೋಡಿ ಮಾಡಿದ ಪತ್ರಿಕೆ. ಪ್ರತಿ ವರ್ಷ ಜೆರಾಕ್ಸ್ ಹಾಕಿಸಿ ಕೊಡ್ತಿದ್ದೆ. ಮಾರನೇ ದಿನ ಸ್ಟಾಫ್ ರೂಮಿನ ಬೀರು ತೆಗೆದು, ಪತ್ರಿಕೆಯನ್ನ ಹಿಡಿದು ಲೆಕ್ಕ ಹಾಕಿದೆ. ಇಸ್ಪೀಟ್ ಎಲೆಯ ಮೇಲೆ ಮೂರು ಪ್ರಶ್ನೆ, ಒಟ್ಟು 9 ಅಂಕ. ಅಂದ್ರೆ ಉಳಿದದ್ದು 11 ಅಂಕ. ಆ ಹುಡುಗಿ ಮೂರು ಪ್ರಶ್ನೆ ಖಾಲಿ ಬಿಟ್ಟು 9 ತೆಗೆದಿದ್ದಳು. 11ಕ್ಕೆ 9. ಶೇಕಡಾ 82 ಹತ್ತಿರ ಹತ್ತಿರ.

ನಾನು ಅವಳ ಅಪ್ಪನಿಗೆ ಹೇಳಿದ್ದು ಶೇಕಡಾ 45ರ ಹುಡುಗಿಯ ಬಗ್ಗೆ.

ಅಲ್ಲಿಗೆ ನಿಲ್ಲಿಸಲಿಲ್ಲ. ಆ ವರ್ಷದ ಮಕ್ಕಳ ಉತ್ತರ ಪತ್ರಿಕೆಗಳು ಕಟ್ಟು ಕಟ್ಟಿ ಇಟ್ಟಿದ್ದೆ. ಒಟ್ಟು 40 ಮಕ್ಕಳು, 19 ಹುಡುಗರು, 21 ಹುಡುಗಿಯರು. ಒಂದು ಇಸ್ಪೀಟ್ ಪ್ರಶ್ನೆ ತಗೊಂಡು ಎಣಿಸಿದೆ. ಸರಿ ಬರೆದವರು 13 ಹುಡುಗರು, 4 ಹುಡುಗಿಯರು. ಅದೇ ಪತ್ರಿಕೆಯಲ್ಲಿ ಚೀಲದಲ್ಲಿರೋ ಕೆಂಪು, ನೀಲಿ ಗೋಲಿಗಳ ಮೇಲೆ ಒಂದು ಪ್ರಶ್ನೆ ಇತ್ತು. ಲೆಕ್ಕ ಅದೇ ಥರದ್ದು. ಅದನ್ನ ಸರಿ ಬರೆದವರು 12 ಹುಡುಗರು, 14 ಹುಡುಗಿಯರು.

ಸಂಭವನೀಯತೆ ಹುಡುಗಿಯರಿಗೂ ಬರ್ತಿತ್ತು. ಬರದೇ ಇದ್ದದ್ದು ಇಸ್ಪೀಟು. ನಾನು ಗಣಿತದ ಟೆಸ್ಟ್ ಅಂದ್ಕೊಂಡು ಅರ್ಧದಷ್ಟು ಇಸ್ಪೀಟಿನ ಟೆಸ್ಟ್ ಕೊಟ್ಟಿದ್ದೆ.

ಪಠ್ಯಪುಸ್ತಕದ ತಪ್ಪು ಅಂತ ಜಾರಿಕೊಳ್ಳೋಕೆ ಆಗಲ್ಲ. 52 ಎಲೆಗಳ ಕಟ್ಟು ಹೇಗಿರುತ್ತೆ, ಚಿತ್ರದ ಎಲೆ ಯಾವುವು ಅನ್ನೋ ವಿವರಣೆ ಪುಸ್ತಕದಲ್ಲೇ ಇದೆ. ಅದನ್ನ ಐದು ನಿಮಿಷದಲ್ಲಿ ಓಡಿಸಿದವನು ನಾನು. ಮುಂದಿನ ವಾರ ಅದೇ ಪ್ರಶ್ನೆಗಳನ್ನ ಒಂದು ಸಾಲು ಸೇರಿಸಿ ಮತ್ತೆ ಕೊಟ್ಟೆ: "52 ಎಲೆಗಳಲ್ಲಿ 26 ಕೆಂಪು, 26 ಕಪ್ಪು. ರಾಜ, ರಾಣಿ, ಗುಲಾಮ ಸೇರಿ ಚಿತ್ರದ ಎಲೆಗಳು 12." ಆ ಒಂದು ಪ್ರಶ್ನೆಯನ್ನ ಈ ಸಲ 13 ಹುಡುಗಿಯರು ಸರಿ ಬರೆದರು. ಎರಡನೇ ಸಲ ಕೊಟ್ಟಿದ್ದರಿಂದಲೂ ಸ್ವಲ್ಪ ಸುಲಭ ಆಗಿರಬಹುದು, ಒಪ್ಪುತ್ತೀನಿ. ಆದರೆ 4 ಎಲ್ಲಿ, 13 ಎಲ್ಲಿ!

ತಕ್ಕಡಿಯ ಎರಡು ದೋಷ

ಈಗ ಸ್ವಲ್ಪ ವಿಷಯಕ್ಕೆ ಬರೋಣ. ಪರೀಕ್ಷೆ ಅನ್ನೋದು ಒಂದು ತಕ್ಕಡಿ ಅಂದ್ಕೊಳ್ಳಿ. ತಕ್ಕಡಿಗೆ ಎರಡು ಥರದ ದೋಷ ಇರಬಹುದು.

ಮೊದಲನೇದು, ಒಂದೇ ವಸ್ತುವನ್ನ ಎರಡು ಸಲ ಇಟ್ಟರೆ ಎರಡು ತೂಕ ತೋರಿಸೋದು. ಇವತ್ತು ಬರೆದ ಪರೀಕ್ಷೆಯನ್ನೇ ಇನ್ನೊಂದು ದಿನ ಬರೆದರೆ ನಿಮಗೆ ಅಷ್ಟೇ ಅಂಕ ಬರುತ್ತಾ? ಹಿಂದಿನ ರಾತ್ರಿ ಜ್ವರ ಬಂದಿರಬಹುದು, ಓದಿದ ಪಾಠದಿಂದಲೇ ಪ್ರಶ್ನೆ ಬಿದ್ದಿರಬಹುದು. ಪತ್ರಿಕೆ ತಿದ್ದುವವರು ಬದಲಾದರೂ ಅಂಕ ಬದಲಾಗುತ್ತೆ. ಇದು ಇವತ್ತಿನ ಕಥೆ ಅಲ್ಲ. 1912ರಲ್ಲಿ ಅಮೆರಿಕದಲ್ಲಿ ಸ್ಟಾರ್ಚ್ ಮತ್ತು ಎಲಿಯಟ್ ಅನ್ನೋ ಇಬ್ಬರು ಒಂದು ಪ್ರಯೋಗ ಮಾಡಿದರು. ಇಂಗ್ಲಿಷ್ ಪರೀಕ್ಷೆಯ ಎರಡು ಉತ್ತರ ಪತ್ರಿಕೆಗಳ ನಕಲು ಮಾಡಿಸಿ ಬೇರೆ ಬೇರೆ ಹೈಸ್ಕೂಲುಗಳಿಗೆ ಕಳಿಸಿದರು. 142 ಶಿಕ್ಷಕರು ತಿದ್ದಿದರು. ಒಂದು ಪತ್ರಿಕೆಗೆ 64ರಿಂದ 98ರವರೆಗೆ ಅಂಕ ಬಂತು. ಇನ್ನೊಂದಕ್ಕೆ 50ರಿಂದ 97ರವರೆಗೆ. ಅದೇ ಕಾಗದ, ಅದೇ ಉತ್ತರ. ಇಂಗ್ಲಿಷ್ ಆದ್ದರಿಂದ ಹೀಗಾಯ್ತು, ಗಣಿತದಲ್ಲಿ ಹಾಗಾಗಲ್ಲ ಅಂತ ಜನ ಅಂದರು. ಮರುವರ್ಷ ರೇಖಾಗಣಿತದ ಪತ್ರಿಕೆ ಕಳಿಸಿದರು. ವ್ಯತ್ಯಾಸ ಇನ್ನೂ ಜಾಸ್ತಿ ಬಂತು. ಒಬ್ಬರು ಉತ್ತರ ತಪ್ಪು ಅಂತ ಸೊನ್ನೆ ಕೊಟ್ಟರೆ, ಇನ್ನೊಬ್ಬರು ಹಂತಗಳು ಸರಿ ಇವೆ ಅಂತ ಅಂಕ ಕೊಡ್ತಾರೆ. ಅದಕ್ಕೇ ಇವತ್ತು ಬೋರ್ಡ್ ಪರೀಕ್ಷೆಗಳಲ್ಲಿ ಯಾವ ಹಂತಕ್ಕೆ ಎಷ್ಟು ಅಂಕ ಅನ್ನೋ ಕೀ ಉತ್ತರ ಕೊಟ್ಟು ತಿದ್ದಿಸ್ತಾರೆ. ಅದರಿಂದ ವ್ಯತ್ಯಾಸ ಕಡಿಮೆ ಆಗುತ್ತೆ, ಪೂರ್ತಿ ಹೋಗಲ್ಲ.

ಇದರ ಅರ್ಥ ಏನಪ್ಪಾ ಅಂದ್ರೆ, ನಿಮ್ಮ ಅಂಕ ಒಂದು ಚುಕ್ಕಿ ಅಲ್ಲ, ಒಂದು ಪಟ್ಟಿ. 84 ಬಂದವರಿಗೂ 86 ಬಂದವರಿಗೂ ಇರೋ ವ್ಯತ್ಯಾಸ ಬರೀ ಅಳತೆಯ ಅಲುಗಾಟ ಇರಬಹುದು. 84ಕ್ಕೂ 48ಕ್ಕೂ ಇರೋ ವ್ಯತ್ಯಾಸ ಹಾಗಲ್ಲ. ಪಕ್ಕದ ಮನೆ ಹುಡುಗನಿಗೆ ನಿಮಗಿಂತ ಎರಡು ಅಂಕ ಜಾಸ್ತಿ ಬಂತು ಅಂತ ಊಟ ಬಿಡೋದು, ತರಕಾರಿ ಅಂಗಡಿ ತಕ್ಕಡಿಯಲ್ಲಿ ಚಿನ್ನ ತೂಗಿ ಜಗಳ ಆಡಿದ ಹಾಗೆ.

ಎರಡನೇ ದೋಷ ಇನ್ನೂ ಅಪಾಯದ್ದು, ಯಾಕಂದ್ರೆ ಅದು ಕಣ್ಣಿಗೇ ಕಾಣಲ್ಲ. ತಕ್ಕಡಿ ಪ್ರತಿ ಸಲ ಒಂದೇ ತೂಕ ತೋರಿಸುತ್ತೆ, ಆದರೆ ತೂಗ್ತಿರೋದು ಬೇರೆ ಏನನ್ನೋ. ನನ್ನ ಪತ್ರಿಕೆ ಮಾಡಿದ್ದು ಇದನ್ನೇ. ಆ ಹುಡುಗಿಗೆ ಹತ್ತು ಸಲ ಅದೇ ಪತ್ರಿಕೆ ಕೊಟ್ಟಿದ್ದರೂ 9ರ ಆಸುಪಾಸೇ ಬರ್ತಿತ್ತು. ಪಕ್ಕಾ ಅಳತೆ, ಆದರೆ ತಪ್ಪು ಅಳತೆ. ಇಂಥವು ನಮ್ಮ ಸುತ್ತ ಬೇಕಾದಷ್ಟಿವೆ. ವಿಜ್ಞಾನ ಚೆನ್ನಾಗಿ ಗೊತ್ತಿರೋ ಮಗು, ಪ್ರಶ್ನೆಯ ಭಾಷೆ ಅರ್ಥ ಆಗದೆ ಕೂತಿರುತ್ತೆ. ಕನ್ನಡ ಮೀಡಿಯಂನಿಂದ ಪಿಯುಸಿ ಸೈನ್ಸ್‌ಗೆ ಹೋದವರಿಗೆ ಇದು ಹೇಳಿಕೊಡಬೇಕಾಗಿಲ್ಲ. ಮೊದಲ ಕಿರುಪರೀಕ್ಷೆಯಲ್ಲಿ ಅಂಕ ದಬಕ್ ಅಂತ ಬೀಳುತ್ತೆ. ಬಿದ್ದದ್ದು ಫಿಸಿಕ್ಸ್ ತಿಳುವಳಿಕೆಯೋ ಇಂಗ್ಲಿಷ್ ಓದೋ ವೇಗವೋ ಅಂತ ಯಾರೂ ಬಿಡಿಸಿ ನೋಡಲ್ಲ. ಎಷ್ಟೋ ಜನ ಅಲ್ಲೇ ಕೈಚೆಲ್ಲಿ ಬಿಡ್ತಾರೆ.

ಗೆರೆ ಎಲ್ಲಿ ಎಳೀತಾರೆ?

ಈಗ ದೊಡ್ಡ ಪರೀಕ್ಷೆಗಳ ಕಡೆ ನೋಡೋಣ. ನಮ್ಮ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ 2023ರಲ್ಲಿ ಶೇಕಡಾ 83.89 ಇತ್ತು. 2024ರಲ್ಲಿ 73.40ಕ್ಕೆ ಇಳೀತು. ಒಂದೇ ವರ್ಷದಲ್ಲಿ ಕರ್ನಾಟಕದ ಮಕ್ಕಳೆಲ್ಲ ದಡ್ಡರಾದ್ರಾ? ಇಲ್ಲ. ಆ ವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಶುರುವಾಯ್ತು, ನಕಲಿಗೆ ಕಡಿವಾಣ ಬಿತ್ತು. ಫಲಿತಾಂಶ ತೀರಾ ಕುಸಿದದ್ದನ್ನ ನೋಡಿ ಕೃಪಾಂಕದ ಪ್ರಮಾಣವನ್ನ ಶೇಕಡಾ 10ರಿಂದ 20ಕ್ಕೆ ಏರಿಸಿದರು. ಅಷ್ಟು ಮಾಡಿದ ಮೇಲೆ ಬಂದದ್ದು ಈ 73.40. ಅಂದ್ರೆ ಎರಡು ವರ್ಷದ ನಂಬರ್‌ಗಳನ್ನ ಪಕ್ಕಪಕ್ಕ ಇಟ್ಟು ಹೋಲಿಸೋಕೇ ಬರಲ್ಲ. ತೂಗಿದ ತಕ್ಕಡಿಗಳೇ ಬೇರೆ.

2021ನ್ನ ನೆನಪು ಮಾಡಿಕೊಳ್ಳಿ. ಕೋವಿಡ್ ಕಾರಣಕ್ಕೆ ಎಸ್ಸೆಸ್ಸೆಲ್ಸಿ ಎರಡೇ ದಿನ ನಡೀತು, ಬರೀ ಬಹು ಆಯ್ಕೆ ಪ್ರಶ್ನೆ, ಓಎಂಆರ್ ಶೀಟು. ಹೆಚ್ಚುಕಮ್ಮಿ ಎಲ್ಲರೂ ಪಾಸು. ಆ ಬ್ಯಾಚಿನವರಿಗೆ "ಕೊರೊನಾ ಪಾಸ್" ಅಂತ ಇವತ್ತಿಗೂ ತಮಾಷೆ ಮಾಡ್ತಾರೆ. ಅವರು ಶಾಲೆಯ ಮುಖ ನೋಡದೆ ಒಂದು ವರ್ಷ ಹೇಗೆ ಓದಿದ್ರು ಅನ್ನೋದು ಮಾತ್ರ ಯಾವ ಅಂಕಪಟ್ಟಿಯಲ್ಲೂ ಇಲ್ಲ.

ಪಾಸ್ ಆಗೋ ಗೆರೆಯೂ ಅಷ್ಟೇ. ಇಷ್ಟು ವರ್ಷ ಶೇಕಡಾ 35 ಇತ್ತು. 2025-26ರ ಶೈಕ್ಷಣಿಕ ವರ್ಷದಿಂದ ಒಟ್ಟಾರೆ ಶೇಕಡಾ 33 ಸಾಕು ಅಂತ ಸರ್ಕಾರ ಹೇಳಿದೆ. 625ಕ್ಕೆ 210 ತೆಗೆದ ಹುಡುಗನನ್ನ ತಗೊಳ್ಳಿ. ಶೇಕಡಾ 33.6. ಒಟ್ಟು ಅಂಕದ ಲೆಕ್ಕದಲ್ಲಿ ಮೊದಲಾಗಿದ್ದರೆ ಗೆರೆಯ ಕೆಳಗೆ, ಈಗ ಗೆರೆಯ ಮೇಲೆ. ಅವನ ತಲೆಯಲ್ಲಿ ಇರೋ ಓದು ಒಂದು ಚೂರೂ ಬದಲಾಗಿಲ್ಲ. ಬದಲಾದದ್ದು ಗೆರೆ. "ಫೇಲ್" ಅನ್ನೋ ಪದವನ್ನ ಹಣೆಗೆ ಅಂಟಿಸಿಕೊಂಡು ಓಡಾಡೋರಿಗೆ ಇದನ್ನ ಹೇಳಬೇಕು ಅನಿಸುತ್ತೆ: ಗೆರೆ ಪ್ರಕೃತಿ ಎಳೆದದ್ದಲ್ಲ, ಮೀಟಿಂಗಿನಲ್ಲಿ ಕೂತು ಎಳೆದದ್ದು.

2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ಶುರು ಮಾಡಿದ್ರಲ್ಲ, ಪರೀಕ್ಷೆ-1, 2, 3 ಅಂತ, ಅದರ ಬಗ್ಗೆ ನಮ್ಮ ಸ್ಟಾಫ್ ರೂಮಲ್ಲೂ ತುಂಬಾ ಗೊಣಗಾಟ ಇತ್ತು, ಕೆಲಸ ಜಾಸ್ತಿ ಅಂತ. ಆದರೆ ಅಳತೆಯ ದೃಷ್ಟಿಯಿಂದ ಅದರಲ್ಲಿ ಒಂದು ನ್ಯಾಯ ಇತ್ತು. ಒಂದೇ ಒಂದು ದಿನದ ತೂಕವನ್ನ ಜೀವನಪೂರ್ತಿ ಹೊರಬೇಕಾಗಿಲ್ಲ.

ಪರ್ಸೆಂಟು, ಪರ್ಸೆಂಟೈಲು, ರ‍್ಯಾಂಕು

ಇದನ್ನ ಕಲಸುಮೇಲೋಗರ ಮಾಡ್ಕೊಳ್ಳೋರು ಬಹಳ, ಅದಕ್ಕೇ ನಿಧಾನವಾಗಿ ಹೇಳ್ತೀನಿ. ಪರ್ಸೆಂಟ್ ಅಂದ್ರೆ ಪತ್ರಿಕೆಯ ನೂರು ಅಂಕದಲ್ಲಿ ನಿಮಗೆ ಎಷ್ಟು ಬಂತು ಅನ್ನೋದು. ಪರ್ಸೆಂಟೈಲ್ ಅಂದ್ರೆ ಬರೆದ ನೂರು ಜನರಲ್ಲಿ ಎಷ್ಟು ಜನ ನಿಮ್ಮಷ್ಟು ಅಥವಾ ನಿಮಗಿಂತ ಕಡಿಮೆ ತೆಗೆದಿದಾರೆ ಅನ್ನೋದು. ಜೆಇಇ ಮೇನ್‌ನಲ್ಲಿ ಕೊಡೋದು ಎರಡನೇದು, ಯಾಕಂದ್ರೆ ಬೇರೆ ಬೇರೆ ಪಾಳಿಗೆ ಬೇರೆ ಬೇರೆ ಪತ್ರಿಕೆ ಇರುತ್ತೆ. ಬೆಳಗ್ಗೆಯ ಪತ್ರಿಕೆ ಕಷ್ಟ, ಮಧ್ಯಾಹ್ನದ್ದು ಸುಲಭ ಆದ್ರೆ ಅಂಕ ಹೋಲಿಸೋದು ಅನ್ಯಾಯ. ಹಾಗಾಗಿ ಅದೇ ಪಾಳಿಯಲ್ಲಿ ಬರೆದವರ ನಡುವೆ ನೀವೆಲ್ಲಿ ನಿಂತಿದೀರಿ ಅಂತ ನೋಡ್ತಾರೆ.

90 ಪರ್ಸೆಂಟೈಲ್ ಬಂತು ಅಂದ್ರೆ 90 ಪರ್ಸೆಂಟ್ ಉತ್ತರ ಸರಿ ಅಂತ ಅಲ್ಲ. ಅದಕ್ಕಿಂತ ಎಷ್ಟೋ ಕಡಿಮೆ ಅಂಕಕ್ಕೂ ಅಷ್ಟು ಪರ್ಸೆಂಟೈಲ್ ಬರಬಹುದು. ಹಾಗೇ, 10 ಲಕ್ಷ ಜನ ಬರೆದ ಪರೀಕ್ಷೆಯಲ್ಲಿ 99 ಪರ್ಸೆಂಟೈಲ್ ಬಂದರೂ ನಿಮ್ಮ ಮುಂದೆ ಸುಮಾರು 10 ಸಾವಿರ ಜನ ಇರ್ತಾರೆ. ಕೋಚಿಂಗ್ ಸೆಂಟರ್ ಫ್ಲೆಕ್ಸ್ ನೋಡುವಾಗ ಇದು ನೆನಪಿರಲಿ. "ನಮ್ಮಲ್ಲಿ 50 ಜನಕ್ಕೆ 95ಕ್ಕಿಂತ ಮೇಲೆ" ಅಂತ ಹಾಕಿದ್ದರೆ, ಒಟ್ಟು ಸೇರಿದವರು ಎಷ್ಟು ಜನ, ಸೇರಿಸ್ಕೊಳ್ಳುವಾಗಲೇ ಎಂಥವರನ್ನ ಆರಿಸ್ಕೊಂಡ್ರು ಅಂತ ಕೇಳಿ. ಫ್ಲೆಕ್ಸಿನಲ್ಲಿ ಫೋಟೋ ಬರದವರೂ ಫೀಸ್ ಕಟ್ಟಿರ್ತಾರೆ.

ಇನ್ನು ಸಿಇಟಿ. ಒಂದೊಂದು ವಿಷಯಕ್ಕೆ 60 ಪ್ರಶ್ನೆ, ನಾಲ್ಕು ಆಯ್ಕೆ, ತಪ್ಪಿಗೆ ಅಂಕ ಕಡಿತ ಇಲ್ಲ. ಏನೂ ಓದದೆ ಕಣ್ಣು ಮುಚ್ಚಿ ಗುಂಡು ಹೊಡೆದರೂ ಸರಾಸರಿ 15 ಬರುತ್ತೆ. ಹಾಗಾಗಿ 60ಕ್ಕೆ 18 ಬಂತು ಅಂದ್ರೆ 18 ಅಂಕದಷ್ಟು ಗೊತ್ತಿದೆ ಅಂತಲ್ಲ. ಅದನ್ನ 0ಯಿಂದ ಅಲ್ಲ, 15ರಿಂದ ಎಣಿಸಬೇಕು. ಒಂದೇ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡಿ ಅಂತ ನಾವು ಹೇಳೋದೂ ಇದಕ್ಕೇ.

ಪ್ರಶ್ನೆಗೂ ಪರೀಕ್ಷೆ

ಒಳ್ಳೇ ಪ್ರಶ್ನೆ ಯಾವುದು ಅಂತ ಪತ್ತೆ ಮಾಡೋಕೆ ಸುಲಭವಾದ ಒಂದು ಲೆಕ್ಕ ಇದೆ. ಕೇಳುಗರಲ್ಲಿ ಬಿ.ಎಡ್. ಮಾಡ್ತಿರೋರು, ಟ್ಯೂಷನ್ ಹೇಳೋರು ಇದ್ರೆ ಇದನ್ನ ಗುರುತು ಹಾಕ್ಕೊಳ್ಳಿ. ಕ್ಲಾಸಲ್ಲಿ 40 ಮಕ್ಕಳು. ಒಟ್ಟು ಅಂಕದ ಪ್ರಕಾರ ಮೇಲಿನ 11 ಜನರ, ಕೆಳಗಿನ 11 ಜನರ ಪತ್ರಿಕೆ ಬೇರೆ ಮಾಡಿ. ಶೇಕಡಾ 27ರ ಲೆಕ್ಕ ಅದು. ಒಂದು ಪ್ರಶ್ನೆಗೆ ಮೇಲಿನವರಲ್ಲಿ 9 ಜನ, ಕೆಳಗಿನವರಲ್ಲಿ 3 ಜನ ಸರಿ ಉತ್ತರ ಬರೆದಿದ್ರೆ ಆ ಪ್ರಶ್ನೆ ಕೆಲಸ ಮಾಡ್ತಿದೆ. ಎರಡೂ ಕಡೆ 11ಕ್ಕೆ 11 ಬಂದ್ರೆ ತೀರಾ ಸುಲಭ, ಅದರಿಂದ ಯಾರಿಗೆ ಎಷ್ಟು ಗೊತ್ತು ಅಂತ ತಿಳಿಯಲ್ಲ. ಮೇಲಿನವರು 4, ಕೆಳಗಿನವರು 6 ಬಂದ್ರೆ ಎಚ್ಚರ! ಚೆನ್ನಾಗಿ ಓದಿದವರೇ ಎಡವ್ತಿದಾರೆ ಅಂದ್ರೆ ಪ್ರಶ್ನೆಯಲ್ಲೇ ಏನೋ ಗೊಂದಲ ಇದೆ, ಅಥವಾ ಕೀ ಉತ್ತರವೇ ತಪ್ಪು. ಹಾಗೇ ಹುಡುಗರು-ಹುಡುಗಿಯರು, ಪೇಟೆಯವರು-ಹಳ್ಳಿಯವರು ಅಂತ ಗುಂಪು ಮಾಡಿಯೂ ನೋಡಬಹುದು. ಅರ್ಧ ಗಂಟೆ ಕೆಲಸ. ನಾನು ಮೊದಲೇ ಮಾಡಿದ್ದರೆ ಇಸ್ಪೀಟಿನ ಪ್ರಶ್ನೆ ಮೊದಲ ವರ್ಷವೇ ಸಿಕ್ಕಿಬೀಳ್ತಿತ್ತು.

ಮೇಷ್ಟ್ರುಗಳ ಪರವಾಗಿಯೂ ಒಂದು ಮಾತು. ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನ, ಅವಕ್ಕೆಲ್ಲ ದಾಖಲೆ, ಆನ್‌ಲೈನ್ ಎಂಟ್ರಿ, ನಡುವೆ ಬಿಸಿಯೂಟದ ಲೆಕ್ಕ, ಗಣತಿ ಡ್ಯೂಟಿ. ರೂಪಣಾತ್ಮಕ ಅನ್ನೋ ಪದದ ಅರ್ಥವೇ ಮಗು ಕಲೀತಿರುವಾಗ ಎಲ್ಲಿ ಎಡವ್ತಿದೆ ಅಂತ ನೋಡಿ ತಿದ್ದೋದು. ಆದರೆ ಎಷ್ಟೋ ಕಡೆ ಅದು ಕೂಡ ಒಂದು ಸಣ್ಣ ಪರೀಕ್ಷೆ, ಒಂದು ನಂಬರ್, ಒಂದು ಕಾಲಂ ಆಗಿಬಿಟ್ಟಿದೆ. ನಾನೂ ಹಾಗೇ ತುಂಬಿಸ್ತಿದ್ದೆ.

ನಂಬರ್ ಕಂಡರೆ ಮಾತು ಕೇಳಿಸಲ್ಲ

1988ರಲ್ಲಿ ರೂತ್ ಬಟ್ಲರ್ ಅನ್ನೋ ಸಂಶೋಧಕಿ ಇಸ್ರೇಲಿನ ಶಾಲಾಮಕ್ಕಳ ಮೇಲೆ ಮಾಡಿದ ಒಂದು ಅಧ್ಯಯನ ಇದೆ. ಮಕ್ಕಳು ಮಾಡಿದ ಕೆಲಸಕ್ಕೆ ಒಂದು ಗುಂಪಿಗೆ ಬರೀ ಅಂಕ ಕೊಟ್ಟರು. ಇನ್ನೊಂದಕ್ಕೆ ಬರೀ ಟಿಪ್ಪಣಿ, ಅಂದ್ರೆ ಎಲ್ಲಿ ಚೆನ್ನಾಗಿದೆ, ಎಲ್ಲಿ ಸುಧಾರಿಸಬೇಕು ಅಂತ. ಮೂರನೇದಕ್ಕೆ ಎರಡನ್ನೂ ಕೊಟ್ಟರು. ಮುಂದಿನ ಕೆಲಸದಲ್ಲಿ ಸುಧಾರಿಸಿದ್ದು ಬರೀ ಟಿಪ್ಪಣಿ ಸಿಕ್ಕ ಗುಂಪು. ಎರಡೂ ಸಿಕ್ಕವರಿಗೆ ಟಿಪ್ಪಣಿಯ ಲಾಭ ಸಿಗಲಿಲ್ಲ. ಇದು ನಮಗೆಲ್ಲ ಅನುಭವಕ್ಕೆ ಬಂದದ್ದೇ. ಪತ್ರಿಕೆ ಕೈಗೆ ಬಂದ ತಕ್ಷಣ ನೋಡೋದು ನಂಬರ್, ಆಮೇಲೆ ಪಕ್ಕದವನ ನಂಬರ್. ಮೇಷ್ಟ್ರು ಬರೆದ ಸಾಲು ಓದೋರು ಯಾರು?

ಹಾಗಂತ ಪರೀಕ್ಷೆಯೇ ಬೇಡ ಅಂತಲ್ಲ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಅನ್ನೋ ಅಮೆರಿಕದ ಮನಃಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ಒಂದು ಸಣ್ಣ ಪಾಠ ಓದಿದ ಮೇಲೆ ಅದನ್ನೇ ಇನ್ನೊಂದು ಸಲ ಓದೋದು ಒಂದು ದಾರಿ. ಪುಸ್ತಕ ಮುಚ್ಚಿ ನೆನಪಿರೋದನ್ನ ಬರೆಯೋದು ಇನ್ನೊಂದು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಲೆಕ್ಕ ತಿರುಗಿತು. ಮತ್ತೆ ಓದಿದವರಿಗೆ ಶೇಕಡಾ 42ರಷ್ಟು ನೆನಪಿತ್ತು, ಬರೆದು ನೋಡಿದವರಿಗೆ 56ರಷ್ಟು. ಅಂದ್ರೆ ಪರೀಕ್ಷೆ ಅಳತೆ ಮಾಡೋ ತಕ್ಕಡಿ ಮಾತ್ರ ಅಲ್ಲ, ಕಲಿಸೋ ಸಾಧನವೂ ಹೌದು. ಯಾರೂ ಅಂಕ ಹಾಕದ ಪರೀಕ್ಷೆಯಿಂದಲೂ ನೀವು ಕಲೀತೀರಿ.

ಇನ್ನೊಂದು ವಿಷಯ. "ಮಾರ್ಕ್ಸ್ ಮುಖ್ಯ ಅಲ್ಲ, ನನಗೂ ಕಡಿಮೆ ಬಂದಿತ್ತು" ಅಂತ ರಿಸಲ್ಟ್ ದಿನ ಸ್ಟೇಟಸ್ ಹಾಕ್ತಾರಲ್ಲ ದೊಡ್ಡ ದೊಡ್ಡವರು, ಆ ಮಾತನ್ನ ನಾನು ಹೇಳಲ್ಲ. ಸೀಟು, ಸ್ಕಾಲರ್‌ಶಿಪ್ಪು, ಸರ್ಕಾರಿ ಕೆಲಸ ಎಲ್ಲ ಅಂಕದ ಮೇಲೇ ನಿಂತಿವೆ. ಎಲ್ಲರಿಗೂ ಒಂದೇ ಪರೀಕ್ಷೆ ಅನ್ನೋದು ಇರದಿದ್ದರೆ ಶಿಫಾರಸು, ದುಡ್ಡು, ಸಂಬಂಧಗಳದೇ ರಾಜ್ಯ ಆಗ್ತಿತ್ತು. ಕೂಲಿ ಮಾಡೋರ ಮನೆಯ ಹುಡುಗಿ ಇಂಜಿನಿಯರಿಂಗ್ ಸೀಟ್ ತಗೊಳ್ಳೋದು ಪರೀಕ್ಷೆಯ ಬಾಗಿಲಿಂದಲೇ. ಅದಕ್ಕೇ ಆ ಬಾಗಿಲು ನೆಟ್ಟಗಿರಬೇಕು ಅಂತ ನನ್ನ ಹಟ.

ನೀವು ಮಾಡಬಹುದಾದ್ದು

ಕೆಲಸಕ್ಕೆ ಬರೋ ನಾಲ್ಕು ಮಾತು ಹೇಳ್ತೀನಿ.

ಒಂದು, ಉತ್ತರ ಪತ್ರಿಕೆ ಕೈಗೆ ತಗೊಳ್ಳಿ. ಬೋರ್ಡ್ ಪರೀಕ್ಷೆಯಾದರೆ ಶುಲ್ಕ ಕಟ್ಟಿ ಸ್ಕ್ಯಾನ್ ಪ್ರತಿ ತರಿಸ್ಕೋಬಹುದು, ಮರುಮೌಲ್ಯಮಾಪನಕ್ಕೂ ಹಾಕಬಹುದು. ಕಳೆದುಕೊಂಡ ಅಂಕಗಳನ್ನ ಮೂರು ರಾಶಿ ಮಾಡಿ. ಗೊತ್ತೇ ಇರಲಿಲ್ಲ, ಗೊತ್ತಿದ್ದೂ ಕೈತಪ್ಪಿತು, ಪ್ರಶ್ನೆಯೇ ಅರ್ಥ ಆಗಲಿಲ್ಲ. ಮೂರಕ್ಕೂ ಔಷಧ ಬೇರೆ ಬೇರೆ. ಮೊದಲನೇದಕ್ಕೆ ಓದು, ಎರಡನೇದಕ್ಕೆ ಅಭ್ಯಾಸ, ಮೂರನೇದಕ್ಕೆ ಬಾಯಿಬಿಟ್ಟು ಕೇಳೋದು.

ಎರಡು, ಒಂದೇ ಟೆಸ್ಟ್ ನೋಡಿ ತೀರ್ಮಾನ ಮಾಡಬೇಡಿ. ನಾಲ್ಕೈದು ಟೆಸ್ಟುಗಳನ್ನ ಸಾಲಾಗಿ ಇಟ್ಟು ನೋಡಿ. ಕೋರ್ಸ್, ಕಾಲೇಜು, ಓದು ಬಿಡೋದು, ಇಂಥ ದೊಡ್ಡ ನಿರ್ಧಾರಗಳನ್ನಂತೂ ಒಂದು ನಂಬರಿನ ಮೇಲೆ ಮಾಡಲೇಬೇಡಿ. ಯಾರಾದರೂ ಮೇಷ್ಟ್ರು ಹಾಗೆ ಹೇಳಿದರೆ, "ಸರ್, ಹಿಂದಿನವನ್ನೂ ಒಂದ್ಸಲ ನೋಡ್ತೀರಾ?" ಅಂತ ಕೇಳಿ. ಅದು ಎದುರು ಮಾತಲ್ಲ.

ಮೂರು, ಪುಸ್ತಕ ಮುಚ್ಚಿ ಬರೆದು ನೋಡಿ. ಹೈಲೈಟರ್‌ನಲ್ಲಿ ಗೆರೆ ಎಳೆದು ಎಳೆದು ಪುಟ ಹಳದಿ ಮಾಡೋದಕ್ಕಿಂತ ಅದು ಮೇಲು.

ನಾಲ್ಕು, ಮನೆಯಲ್ಲಿ ತಮ್ಮ, ತಂಗಿ ಇದ್ರೆ "ಎಷ್ಟು ಬಂತು?" ಅನ್ನೋ ಬದಲು "ಯಾವ ಪ್ರಶ್ನೆ ಸಿಕ್ಕಾಕ್ಕೊಂಡಿತು?" ಅಂತ ಕೇಳಿ ನೋಡಿ. ಉತ್ತರ ಉದ್ದ ಬರುತ್ತೆ, ಕೇಳೋಕೆ ಸ್ವಲ್ಪ ಪುರುಸೊತ್ತು ಬೇಕು.

ಕೊನೆಯದಾಗಿ, ಆ ಹುಡುಗಿಯ ವಿಷಯ. ಲೆಕ್ಕ ಎಲ್ಲ ಹಾಕಿದ ಮೇಲೆ ಒಂದು ಭಾನುವಾರ ಅವಳ ಮನೆಗೆ ಹೋದೆ. ಅವಳ ಅಪ್ಪ ಜಗಲಿ ಮೇಲೆ ಚಾಪೆ ಹಾಸಿ ಕೂರಿಸಿದರು. "ನಾನು ಅವತ್ತು ನಿಮಗೆ ಹೇಳಿದ್ದು ತಪ್ಪಾಗಿತ್ತು" ಅಂದೆ. ಯಾಕೆ ಅಂತಲೂ ಬಿಡಿಸಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗಿದ್ದು ಆಗೋಯ್ತು ಬಿಡಿ ಸಾರ್, ಈಗ ಚೆನ್ನಾಗೇ ಓದ್ತಾವ್ಳೆ" ಅಂದರು. ಹುಡುಗಿ ಕಾಫಿ ತಂದಿಟ್ಟಳು. ಅವಳೇನೂ ಬಿಡಿ ಅನ್ನಲಿಲ್ಲ. ಅದು ಸರಿಯೇ. ಬಿಡೋದು, ಬಿಡದೇ ಇರೋದು ಅವಳಿಗೆ ಸೇರಿದ್ದು.

ಬರುವಾಗ ಜೇಬಿನಿಂದ ಒಂದು ಕಟ್ಟು ಇಸ್ಪೀಟ್ ಎಲೆ ತೆಗೆದು ಜಗಲಿ ಮೇಲೆ ಹರಡಿದೆ. ಅವಳ ಅಪ್ಪ ಮುಖ ಗಂಟು ಹಾಕಿ, ಆಮೇಲೆ ನಕ್ಕರು. ಆಟೀನು, ಡೈಮಂಡು, ಕಳಾವರು, ಇಸ್ಪೀಟು. ರಾಜ, ರಾಣಿ, ಗುಲಾಮ ಅಂತ ತೋರಿಸಿದೆ. ಅವಳು ಒಂದು ಸಲ ನೋಡಿ, "ಅಂದ್ರೆ 52ರಲ್ಲಿ 12, 13ಕ್ಕೆ 3. ಇಷ್ಟೇನಾ ಸರ್?" ಅಂದಳು.

ಇಷ್ಟೇ ಆಗಿತ್ತು. ಈಗ ಪ್ರತಿ ವರ್ಷ ಆ ಪಾಠಕ್ಕೆ ಮುಂಚೆ ಒಂದು ಕಟ್ಟು ಎಲೆ ತಗೊಂಡು ಕ್ಲಾಸಿಗೆ ಹೋಗ್ತೀನಿ. ಮೊದಲ ಬೆಂಚಿನಿಂದ ಕೊನೆಯ ಬೆಂಚಿನವರೆಗೂ ಎಲ್ಲರ ಕೈಗೂ ಹೋಗಿಬಂದ ಮೇಲೇ ಪಾಠ ಶುರು.

ನಿಮ್ಮನ್ನೂ ಯಾವುದಾದರೂ ಪ್ರಶ್ನೆ ಹೀಗೆ ಕಾಡಿದ್ದರೆ ನಮಗೆ ಬರೆದು ಕಳಿಸಿ.